ಗುಹೆಯ ಬೂದಿಯಿಂದ ಮಂತ್ರಿಯ ಮೇಜಿನವರೆಗೆ ಒಂದು ಗೆಡ್ಡೆ

ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯ ಮುಗಿದು ಎಸ್ವಾಟಿನಿ ದೇಶ ಶುರುವಾಗುವಲ್ಲಿ ಲೆಬೊಂಬೊ ಬೆಟ್ಟಗಳ ಸಾಲಿದೆ. ಕಡಿದಾದ ಬಂಡೆಯ ಮೈಯಲ್ಲಿ, ಕೆಳಗಿನ ಬಯಲೆಲ್ಲ ಒಂದೇ ನೋಟಕ್ಕೆ ಸಿಗುವ ಎತ್ತರದಲ್ಲಿ, ಒಂದು ಗುಹೆ. ಗಡಿಗೆ ಅಂಟಿಕೊಂಡಿರುವುದರಿಂದ ಅದನ್ನು ಬಾರ್ಡರ್ ಕೇವ್ ಎಂದೇ ಕರೆಯುತ್ತಾರೆ. 1934ರಲ್ಲಿ ರೇಮಂಡ್ ಡಾರ್ಟ್ ಇಲ್ಲಿ ಮೊದಲ ಸಲ ಅಗೆಸಿದರು. ಆಮೇಲೆ ತಲೆಮಾರಿನಿಂದ ತಲೆಮಾರಿಗೆ ಸಂಶೋಧಕರು ಬರುತ್ತಲೇ ಇದ್ದಾರೆ. ಒಳಗೆ ತೇವ ಕಡಿಮೆ. ಹಾಗಾಗಿ ಬೇರೆಡೆ ಕೊಳೆತು ಮಣ್ಣಾಗುವ ಹುಲ್ಲು, ಕಡ್ಡಿ, ಬೇರುಗಳೆಲ್ಲ ಇಲ್ಲಿ ಬೂದಿಯ ಪದರಗಳ ನಡುವೆ ಉಳಿದುಕೊಂಡಿವೆ.

ಆ ಬೂದಿಯಲ್ಲಿ ವಿಟ್ಸ್ ವಿಶ್ವವಿದ್ಯಾಲಯದ ಲಿನ್ ವಾಡ್ಲಿ ಮತ್ತು ಸಂಗಡಿಗರಿಗೆ ಸುಟ್ಟು ಕರಕಲಾದ ಸಣ್ಣ ಗೆಡ್ಡೆಗಳು ಸಿಕ್ಕವು. ಒಂದೆರಡಲ್ಲ, 50ಕ್ಕೂ ಹೆಚ್ಚು, ಅದೂ ಇಡಿಯಾಗಿ. ಇದ್ದಿಲಿನಂಥ ಈ ತುಂಡುಗಳ ಒಳಗಣ ನಾಳಗಳ ಜೋಡಣೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಇಂದು ಬೆಳೆಯುವ ಗಿಡಗಳ ಗೆಡ್ಡೆಗಳ ಪಕ್ಕ ಇಟ್ಟು ಹೋಲಿಸಿದಾಗ ಗಿಡದ ಗುರುತು ಹತ್ತಿತು: ಹೈಪಾಕ್ಸಿಸ್ ಅಂಗುಸ್ಟಿಫೋಲಿಯಾ. ಹುಲ್ಲಿನಂಥ ತೆಳು ಎಲೆ, ನಕ್ಷತ್ರದಂಥ ಹಳದಿ ಹೂವಿನ ಒಂದು ಕಾಡುಮೂಲಿಕೆ. 2020ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. ಗೆಡ್ಡೆಗಳು ಬೂದಿ ಸೇರಿ 1,70,000 ವರ್ಷಗಳಾಗಿವೆ. ಪಿಷ್ಟವಿರುವ ಗೆಡ್ಡೆಗಳನ್ನು ಮನುಷ್ಯ ಬೇಯಿಸಿ ತಿಂದದ್ದಕ್ಕೆ ಅಷ್ಟು ಹಳೆಯ ಸಾಕ್ಷಿ ಆವರೆಗೆ ಸಿಕ್ಕಿರಲಿಲ್ಲ.

ಆದಿಮಾನವ ಎಂದರೆ ನಮಗೆ ಈಟಿ ಹಿಡಿದು ಪ್ರಾಣಿಯ ಹಿಂದೆ ಓಡುವ ಗಂಡಸಿನ ಚಿತ್ರವೇ ಕಣ್ಣಿಗೆ ಬರುತ್ತದೆ. ಶಾಲೆಯ ಪಠ್ಯಪುಸ್ತಕಗಳು ಬರೆಸಿಟ್ಟ ಚಿತ್ರ ಅದು. ಮೂಳೆ ಉಳಿಯುತ್ತದೆ, ಗೆಡ್ಡೆ ಉಳಿಯುವುದಿಲ್ಲ. ಉಳಿದದ್ದನ್ನೇ ನಂಬಿ ಕತೆ ಕಟ್ಟಿದ್ದಾಯಿತು. ಬಾರ್ಡರ್ ಕೇವ್‌ನ ಬೂದಿ ಬೇರೆಯೇ ಕತೆ ಹೇಳುತ್ತದೆ. ಯಾರೋ ಬಯಲಿಗಿಳಿದು ಗೆಡ್ಡೆ ಅಗೆದಿದ್ದಾರೆ. ಅಗೆದಲ್ಲೇ ತಿಂದು ಮುಗಿಸದೆ ಅಷ್ಟೆತ್ತರದ ಗುಹೆಗೆ ಹೊತ್ತು ತಂದಿದ್ದಾರೆ. ತಂದದ್ದು ಮನೆಯಲ್ಲಿದ್ದವರಿಗೆ ಹಂಚಲು ಎಂದೇ ವಾಡ್ಲಿ ತಂಡದ ಊಹೆ. ಕಾಲು ಸೋತ ಮುದುಕರು, ಮಕ್ಕಳು ಅಲ್ಲಿದ್ದಿರಬೇಕು. ಹಸಿಯಾಗಿಯೂ ತಿನ್ನಬಹುದಾದ ಗೆಡ್ಡೆಯೇ ಇದು. ಬಿಸಿಬೂದಿಯಲ್ಲಿ ಹುದುಗಿಸಿದರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ, ನಾರು ಮೆತ್ತಗಾಗುತ್ತದೆ, ಪಿಷ್ಟ ಬೇಗ ಅರಗುತ್ತದೆ. ಸಿಕ್ಕ ಗೆಡ್ಡೆಗಳೆಲ್ಲ ಬೆಂದದ್ದಕ್ಕಿಂತ ಹೆಚ್ಚಾಗಿ ಸುಟ್ಟುಹೋದವು. ಒಲೆಯ ಮುಂದೆ ಮಾತಿಗೆ ಕೂತವರು ಮರೆತರೋ, ಬೂದಿಯಲ್ಲಿ ಕೈಗೆ ಸಿಗದೆ ಹೋದವೋ. ಬೆಂದವು ಹೊಟ್ಟೆ ಸೇರಿದವು, ಕರಕಲಾದವು ವಿಜ್ಞಾನಕ್ಕೆ ಸಿಕ್ಕವು. ಅದೇ ಗುಹೆಯ ಇನ್ನೂ ಈಚಿನ ಪದರದಲ್ಲಿ, ಸುಮಾರು 40,000 ವರ್ಷ ಹಳೆಯ, ನೆಲ ಅಗೆಯುವ ಮರದ ಕೋಲೂ ದೊರಕಿದೆ.

ತಿನ್ನುವ ಗೆಡ್ಡೆಯಾಗಿ ಮನುಷ್ಯರ ಜೊತೆ ಸೇರಿದ ಈ ಗಿಡಗಳ ಕುಲಕ್ಕೆ ಮುಂದೆ ಔಷಧದ ಪಟ್ಟ ಬಂತು, ಆಮೇಲೆ ಪವಾಡದ್ದು, ಕೊನೆಗೆ ರಾಜಕೀಯದ್ದು. ಆ ಪೈಕಿ ಅತಿ ಹೆಚ್ಚು ಹೊರೆ ಹೊತ್ತದ್ದು ಅಂಗುಸ್ಟಿಫೋಲಿಯಾದ ದಪ್ಪ ದಾಯಾದಿ, ಹೈಪಾಕ್ಸಿಸ್ ಹೆಮೆರೊಕ್ಯಾಲಿಡಿಯಾ. ಜುಲು ಜನರಿಗೆ ಅದು ಇಂಕೊಂಫೆ, ಸೋತೋ ಜನರಿಗೆ ಮೊಲಿ ಖರತ್ಸಾ. ಜಗತ್ತಿಗೆ ಪರಿಚಯವಾದದ್ದು ಆಫ್ರಿಕನ್ ಪೊಟ್ಯಾಟೊ ಎಂಬ ಹೆಸರಿನಿಂದ. ಆಲೂಗೆಡ್ಡೆಗೂ ಇದಕ್ಕೂ ಸ್ನಾನದ ಸಂಬಂಧವೂ ಇಲ್ಲ.

ಬೆಂಕಿ ಹೋದ ಮೇಲೆ ಹೂವು

ದಕ್ಷಿಣ ಆಫ್ರಿಕಾದ ಪೂರ್ವ ಕೇಪ್‌ನಿಂದ ಹಿಡಿದು ಲೆಸೋಥೊ, ಎಸ್ವಾಟಿನಿ, ಬೋಟ್ಸ್‌ವಾನಾ, ಜಿಂಬಾಬ್ವೆ, ಮೊಜಾಂಬಿಕ್‌ವರೆಗೆ, ಬೇಸಿಗೆಯಲ್ಲಿ ಮಳೆ ಬೀಳುವ ಸೀಮೆಗಳ ಹುಲ್ಲುಗಾವಲು ಮತ್ತು ತೆರೆದ ಕಾಡುಗಳಲ್ಲಿ ಇದರ ವಾಸ. ಮರಗಳು ದೂರ ದೂರ ನಿಂತು, ನಡುವೆ ಬಿಸಿಲು ನೆಲಕ್ಕಿಳಿಯುವಂಥ ಕಾಡು ಅದು. ಚಳಿಗಾಲದಲ್ಲಿ ಹುಲ್ಲು ಒಣಗಿ, ಬೆಂಕಿ ಬೀಳುವುದು ಅಲ್ಲಿ ವಾಡಿಕೆ. ಅಷ್ಟರಲ್ಲಿ ಹೈಪಾಕ್ಸಿಸ್ ತನ್ನ ಎಲೆಗಳನ್ನೆಲ್ಲ ಒಣಗಿಸಿ ಬಿಟ್ಟುಕೊಟ್ಟಿರುತ್ತದೆ. ಜೀವವೆಲ್ಲ ಮಣ್ಣಿನಡಿಯ ಗೆಡ್ಡೆಯಲ್ಲಿ. ಬೆಂಕಿ ಮೇಲಿಂದ ಹಾದುಹೋಗುತ್ತದೆ. ವಸಂತ ಬಂದಾಗ ಕಪ್ಪು ನೆಲದಿಂದ ಹೊಸ ಎಲೆ ಏಳುತ್ತದೆ, ಹಿಂದೆಯೇ ಹೂದಂಟು.

ಗಿಡವನ್ನು ಹತ್ತಿರದಿಂದ ನೋಡಿದರೆ ಮೊದಲು ಗಮನ ಸೆಳೆಯುವುದು ಎಲೆಗಳ ಶಿಸ್ತು. ಅಡ್ಡಾದಿಡ್ಡಿ ಕವಲೊಡೆಯದೆ ಮೂರು ದಿಕ್ಕಿಗೆ ಮೂರು ಸಾಲಾಗಿ ಒಂದರ ಮೇಲೊಂದು ಕೂತು, ಹೊರಕ್ಕೆ ಕುಡುಗೋಲಿನ ಹಾಗೆ ಬಾಗುತ್ತವೆ. ಎಲೆಯ ಅಡಿಯಲ್ಲಿ ಬಿಳಿಯ ನವಿರು ರೋಮ. ಎಲೆಗಳ ನಡುವಿನಿಂದ ಏಳುವ ದಂಟಿನಲ್ಲಿ ಕೆಲವೊಮ್ಮೆ ಹತ್ತು ಹನ್ನೆರಡು ಮೊಗ್ಗು. ಅವೆಲ್ಲ ಒಟ್ಟಿಗೆ ಅರಳುವುದಿಲ್ಲ. ಕೆಳಗಿನಿಂದ ಮೇಲಕ್ಕೆ, ದಿನಕ್ಕೆ ಒಂದೋ ಎರಡೋ. ಆರು ಎಸಳು, ಹೊಳೆಯುವ ಹಳದಿ, ಹೊರಮೈಯಲ್ಲಿ ಮಾತ್ರ ಹಸಿರು ಛಾಯೆ. ಬೆಳಿಗ್ಗೆ ಬಿರಿದದ್ದು ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತದೆ. ಊಟ ಮುಗಿಸಿ ನೋಡಲು ಹೋದವರಿಗೆ ಹೂವೇ ಇಲ್ಲದ ಗಿಡ ಕಾಣುತ್ತದೆ. ಮಕರಂದ ಇಲ್ಲ. ಜೇನ್ನೊಣಕ್ಕೆ ಸಿಗುವುದು ಪರಾಗ ಮಾತ್ರ, ಆದರೂ ಅದಕ್ಕಾಗಿಯೇ ಬರುತ್ತದೆ. ಕಾಯಿ ಮಾಗಿದಾಗ ಅದರ ತಲೆ ಮುಚ್ಚಳದಂತೆ ಕಳಚಿ ಒಳಗಿನ ಕರಿಬೀಜಗಳು ಹೊರಗೆ ಉದುರುತ್ತವೆ.

ಗೆಡ್ಡೆ ನೋಡಲು ಚಂದವೇನಲ್ಲ. ಕಂದುಗಪ್ಪು ಮೈ, ಮೇಲೆಲ್ಲ ಒರಟು ನಾರು ಮತ್ತು ಬೇರಿನ ಮೊಳಕೆಗಳು, ಹಳೆಯ ಎಲೆಗಳ ಬುಡ ಬ್ರಷ್ಷಿನಂತೆ ಮೇಲೆದ್ದ ತಲೆ. ಚಾಕು ಹಾಕಿದರೆ ಒಳಗೆ ಥಟ್ಟನೆ ಹಳದಿ. ಗಾಳಿ ತಾಗಿದ ಕೂಡಲೇ ಆ ಹಳದಿ ಕಂದಲು ಶುರು. ಈ ಗೆಡ್ಡೆಯೊಳಗಿನ ರಸಾಯನದಲ್ಲಿಯೇ ಮುಂದಿನ ಇಡೀ ಜಗಳದ ಬೀಜವಿತ್ತು.

ಈ ಗಿಡವನ್ನು ನಾವು ಕಂಡಿಲ್ಲದಿರಬಹುದು, ಇದರ ಬಳಗ ನಮಗೆ ಹೊಸದಲ್ಲ. ಮಲೆನಾಡಿನಲ್ಲಿ ಮುಂಗಾರು ಹಿಡಿದ ಮೇಲೆ ಕಾಡಿನ ನೆರಳಿನಲ್ಲಿ, ತಾಳೆಯ ಸಸಿ ಎಂದು ಮೋಸ ಹೋಗುವಂಥ ಎಲೆಗಳ ನಡುವೆ, ನೆಲಕ್ಕೇ ಅಂಟಿದಂತೆ ಆರೆಸಳಿನ ಹಳದಿ ಹೂವೊಂದು ಕಾಣುತ್ತದಲ್ಲ, ಆ ನೆಲತಾಳೆ ಇದೇ ಹೈಪಾಕ್ಸಿಡೇಸಿ ಕುಟುಂಬದ್ದು. ನೆಲತೆಂಗು ಎಂದೂ ಕರೆಯುವುದುಂಟು. ಆಯುರ್ವೇದದ ಅಂಗಡಿಯಲ್ಲಿ ಅದು ಕರಿ ಮುಸಲಿ. ನೆಲತಾಳೆಯ ಅಂಡಾಶಯ ಮಣ್ಣಿನೊಳಗೇ ಇರುತ್ತದೆ, ಕಾಯಿ ಕಟ್ಟುವುದೂ ಅಲ್ಲಿಯೇ. ಮೇಲೆ ಕಾಣುವುದು ಹೂವಿನ ಮುಖ ಅಷ್ಟೇ. ಹೈಪಾಕ್ಸಿಸ್ ಕುಲದ್ದೇ ಆದ ಪುಟ್ಟ ಹೈಪಾಕ್ಸಿಸ್ ಆರಿಯಾ ಹಿಮಾಲಯದಲ್ಲೂ ಪಶ್ಚಿಮಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲೂ ಇದೆ. ಕಾಲಿಗೆ ಸಿಕ್ಕರೂ ಕಣ್ಣಿಗೆ ಬೀಳದಷ್ಟು ಚಿಕ್ಕದು. ಆದರೆ ಕುಲದ ತವರು ಆಫ್ರಿಕಾವೇ. ಅತಿ ಹೆಚ್ಚು ಜಾತಿಗಳಿರುವುದು ಅಲ್ಲಿ.

ಸೇತುವೆಯ ಮೇಲಿನ ಸಂತೆ

ಡರ್ಬನ್ ನಗರದ ವಾರ್ವಿಕ್ ಜಂಕ್ಷನ್ ಎಂದರೆ ರೈಲು, ಬಸ್ಸು, ಮಿನಿಬಸ್ ಟ್ಯಾಕ್ಸಿ ಎಲ್ಲ ಕೂಡುವ ಜಾಗ. ದಿನಕ್ಕೆ ಲಕ್ಷಾಂತರ ಜನ ಹಾದುಹೋಗುತ್ತಾರೆ. ಹೆದ್ದಾರಿಗೆಂದು ಕಟ್ಟಿ ಅರ್ಧಕ್ಕೇ ಕೈಬಿಟ್ಟ ಮೇಲ್ಸೇತುವೆಯ ತುಂಡುಗಳು ಅಲ್ಲಿದ್ದವು. 1990ರ ದಶಕದಲ್ಲಿ ನಗರಪಾಲಿಕೆ ಅವುಗಳ ಮೇಲೆಯೇ ಮೂಲಿಕೆ ಮಾರುವವರಿಗೆ ಜಾಗ ಮಾಡಿಕೊಟ್ಟಿತು. ಅಲ್ಲಿಯವರೆಗೆ ಅವರು ಬೀದಿಬದಿಯಲ್ಲಿ ಮಳೆಗೆ ನೆನೆದು ಬಿಸಿಲಿಗೆ ಒಣಗಿ ಕೂರುತ್ತಿದ್ದರು. ಇಂದು ಸೇತುವೆಯ ಮೇಲೆ ತೊಗಟೆಯ ಕಂತೆ, ಬೇರಿನ ರಾಶಿ, ಗೆಡ್ಡೆಯ ಗುಡ್ಡೆ. ಕುಟ್ಟುವ ಸದ್ದು ನಿಲ್ಲುವುದಿಲ್ಲ. ಈ ಔಷಧಗಳಿಗೆ ಅಲ್ಲಿ ಮೂತಿ ಎನ್ನುತ್ತಾರೆ. ಮಾರುವವರಲ್ಲಿ ಹೆಂಗಸರೇ ಹೆಚ್ಚು. ಕಾಡಿನಿಂದ ಅಗೆದು ತರುವವರಲ್ಲೂ ಹಾಗೆಯೇ.

ಜುಲು ವೈದ್ಯದಲ್ಲಿ ಗಿಡಮೂಲಿಕೆ ಬಲ್ಲವನು ಇನ್ಯಾಂಗಾ. ರೋಗದ ಹಿಂದಿನ ಕಾರಣವನ್ನು, ಹಿರಿಯರ ಕೋಪವೋ ನೆರೆಯವರ ಕಣ್ಣೋ ಎಂದು, ಕಂಡು ಹೇಳುವವರು ಸಂಗೋಮಾ. ಇಂಕೊಂಫೆಯ ಗೆಡ್ಡೆಯ ತೆಳು ಕಷಾಯವನ್ನು ಕಾಯಿಲೆಯಿಂದ ಎದ್ದವರಿಗೆ ಚೇತರಿಕೆಗೆಂದು ಕೊಡುವುದು ಹಳೆಯ ರೂಢಿ. ಮೂತ್ರದ ತೊಂದರೆಗೆ, ಮೈಸೊರಗುವ ರೋಗಕ್ಕೆ, ಕೆಟ್ಟ ಕನಸಿಗೆ, ಮನಸ್ಸಿನ ಕ್ಷೋಭೆಗೆ ಎಂದೂ ಇದರ ಮತ್ತು ಇದರ ಹತ್ತಿರದ ಜಾತಿಗಳ ಬಳಕೆ ದಾಖಲಾಗಿದೆ. ಕೆಲವು ಜಾತಿಗಳ ಎಲೆಯ ನಾರಿನಿಂದ ಹಗ್ಗ ಹೊಸೆಯುವುದೂ ಇತ್ತು.

ಡರ್ಬನ್‌ನ ಈ ವ್ಯಾಪಾರಕ್ಕೆ ನಮ್ಮ ಕಡೆಯ ನಂಟೂ ಒಂದಿದೆ. 1860ರಿಂದ ಕಬ್ಬಿನ ಗದ್ದೆಗಳಿಗೆಂದು ಮದ್ರಾಸು, ಕಲ್ಕತ್ತಾ ಬಂದರುಗಳಿಂದ ಹಡಗು ಹತ್ತಿದ ಕೂಲಿಗಳು, ಅವರ ಹಿಂದೆ ಹೋದ ವರ್ತಕರು ನಟಾಲ್‌ನಲ್ಲಿ ನೆಲೆಯಾದರು. ಮುಂದೆ ಭಾರತೀಯರ ಅಂಗಡಿಗಳಲ್ಲಿ ಅರಿಶಿನ, ಜೀರಿಗೆಯ ಪಕ್ಕದಲ್ಲೇ ಜುಲು ಮೂಲಿಕೆಗಳೂ ಮಾರಾಟವಾದವು. ಜುಲು ವೈದ್ಯರ ಬಳಿ ಭಾರತೀಯ ರೋಗಿಗಳು, ಭಾರತೀಯ ವೈದ್ಯರ ಬಳಿ ಜುಲು ರೋಗಿಗಳು ಹೋಗಿಬಂದರು. ಇತಿಹಾಸಕಾರ್ತಿ ಕರೆನ್ ಫ್ಲಿಂಟ್ ಈ ಕೊಡುಕೊಳ್ಳುವಿಕೆಯ ಬಗ್ಗೆ ವಿವರವಾಗಿ ಬರೆದಿದ್ದಾರೆ. ಬಿಳಿಯರ ಕಾನೂನು ಇವರಿಬ್ಬರನ್ನೂ ಅನುಮಾನದಿಂದಲೇ ನೋಡುತ್ತಿತ್ತು. ಈ ಅವಮಾನದ ನೆನಪು ಮುಂದೆ ಬರುವ ಕತೆಗೆ ಬೇಕು. ಅದಿಲ್ಲದಿದ್ದರೆ ಒಬ್ಬ ಮಂತ್ರಿ ಏಕೆ ಹಾಗೆ ಮಾತಾಡಿದರು, ಜನ ಏಕೆ ಕಿವಿಗೊಟ್ಟರು ಎಂಬುದು ಬರೀ ಮೂರ್ಖತನವಾಗಿ ಕಾಣುತ್ತದೆ.

ಗೆಡ್ಡೆಯೊಳಗೆ ಏನಿದೆ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಬಂದವು. ಎರಡನ್ನೂ ಬೆರೆಸಿಬಿಟ್ಟದ್ದೇ ಗೊಂದಲಕ್ಕೆ ಮೂಲ.

ಒಂದು, ಸ್ಟೆರಾಲ್‌ಗಳು, ಮುಖ್ಯವಾಗಿ ಬೀಟಾ-ಸಿಟೊಸ್ಟೆರಾಲ್. ಜರ್ಮನಿಯಲ್ಲಿ ವಯಸ್ಸಾದ ಗಂಡಸರ ಪ್ರಾಸ್ಟೇಟ್ ತೊಂದರೆಗೆಂದು ‘ಹಾರ್ಜೋಲ್’ ಎಂಬ ಗುಳಿಗೆ ಮಾರುಕಟ್ಟೆಗೆ ಬಂದದ್ದು ಈ ಗೆಡ್ಡೆಯ ಖ್ಯಾತಿಯ ಮೇಲೆ. 1995ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅದರ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. 200 ರೋಗಿಗಳು, ಅರ್ಧದಷ್ಟು ಜನರಿಗೆ ದಿನಕ್ಕೆ ಮೂರು ಸಲ 20 ಮಿಲಿಗ್ರಾಂ ಬೀಟಾ-ಸಿಟೊಸ್ಟೆರಾಲ್, ಉಳಿದವರಿಗೆ ಔಷಧವಿಲ್ಲದ ಗುಳಿಗೆ, ಆರು ತಿಂಗಳು. ಔಷಧ ತೆಗೆದುಕೊಂಡವರ ಮೂತ್ರದ ಹರಿವು ಎದ್ದು ಕಾಣುವಷ್ಟು ಸುಧಾರಿಸಿತು. ಗ್ರಂಥಿಯ ಗಾತ್ರ ಮಾತ್ರ ಇಳಿಯಲಿಲ್ಲ. ಸರಿಯಾದ ಪರೀಕ್ಷೆ, ಮಿತವಾದ ಫಲ. ಆದರೆ ಬೀಟಾ-ಸಿಟೊಸ್ಟೆರಾಲ್ ಈ ಗೆಡ್ಡೆಯ ಸ್ವಂತ ಆಸ್ತಿಯಲ್ಲ. ಕಡಲೆಕಾಯಿಯಲ್ಲಿದೆ, ಅಡುಗೆ ಎಣ್ಣೆಯಲ್ಲಿದೆ, ದಿನದ ಊಟದಲ್ಲಿ ಆ ಗುಳಿಗೆಗಿಂತ ಹೆಚ್ಚೇ ಸಸ್ಯಸ್ಟೆರಾಲ್ ನಮ್ಮ ಹೊಟ್ಟೆ ಸೇರುತ್ತದೆ. ಅದಕ್ಕಾಗಿ ಕಾಡುಗೆಡ್ಡೆಯನ್ನು ಅಗೆಯಬೇಕಾದ್ದಿಲ್ಲ.

ಇನ್ನೊಂದು ನಿಜಕ್ಕೂ ಹೈಪಾಕ್ಸಿಸ್‌ನ ಸ್ವಂತದ್ದು. 1982ರಲ್ಲಿ ಇಟಲಿಯ ಮರೀನಿ-ಬೆತ್ತೊಲೊ ತಂಡ ಹತ್ತಿರದ ಜಾತಿಯೊಂದರಿಂದ ಹೈಪಾಕ್ಸೊಸೈಡ್ ಎಂಬ ವಸ್ತುವನ್ನು ಬೇರ್ಪಡಿಸಿತು. ಸ್ವಲ್ಪದರಲ್ಲೇ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನ ರಸಾಯನಶಾಸ್ತ್ರಜ್ಞರೂ ಅದನ್ನು ಈ ಗೆಡ್ಡೆಯಲ್ಲಿ ಕಂಡರು. ಹೈಪಾಕ್ಸೊಸೈಡ್ ಎರಡು ಸಕ್ಕರೆಯ ಅಣುಗಳನ್ನು ಹೊತ್ತ ಸಾಧು ವಸ್ತು. ತಾನಾಗಿ ಏನೂ ಮಾಡುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಕಿತ್ತಾಗ ಉಳಿಯುವುದು ರೂಪೆರಾಲ್. ಅದು ಚುರುಕು, ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಆದರೆ ಕರುಳಿನಿಂದ ಒಳಗೆ ಹೋದ ರೂಪೆರಾಲ್‌ಗೆ ದೇಹ ತಕ್ಷಣ ಬೇರೆ ಅಣುಗಳ ಮುಸುಕು ಹಾಕಿ ಸುಮ್ಮನಾಗಿಸುತ್ತದೆ. ರಕ್ತದಲ್ಲಿ ಓಡಾಡುವುದು ಈ ಮುಸುಕಿನ ರೂಪ. ಸ್ಟೆಲೆನ್‌ಬಾಶ್ ವಿಶ್ವವಿದ್ಯಾಲಯದ ಕಾರ್ಲ್ ಆಲ್ಬ್ರೆಕ್ಟ್ ಅವರ ಆಸೆ ಇಷ್ಟೇ ಇತ್ತು: ಗೆಡ್ಡೆಕಟ್ಟಿದ ಕ್ಯಾನ್ಸರ್ ಜಾಗದಲ್ಲಿ ಈ ಮುಸುಕು ಕಳಚಿ, ವಿಷ ಅಲ್ಲಿ ಮಾತ್ರ ಬಿಡುಗಡೆಯಾಗಲಿ. ಕಾಗದದ ಮೇಲೆ ಸುಂದರ ಯೋಚನೆ. ಶ್ವಾಸಕೋಶದ ಕ್ಯಾನ್ಸರ್ ಇದ್ದ 24 ರೋಗಿಗಳ ಮೇಲೆ ನಡೆದ ಮೊದಲ ಹಂತದ ಪರೀಕ್ಷೆ 1995ರಲ್ಲಿ ಪ್ರಕಟವಾಯಿತು. ವಸ್ತು ವಿಷಕಾರಿಯಲ್ಲ ಎಂಬುದು ತಿಳಿಯಿತು. ಹೆಚ್ಚಿನವರ ರೋಗ ಮಾತ್ರ ಮುಂದುವರಿಯಿತು. ಕೆಲವರು ನಿರೀಕ್ಷೆಗಿಂತ ಹೆಚ್ಚು ಕಾಲ ಬದುಕಿದರು. ಅದು ಗೆಡ್ಡೆಯಿಂದಲೇ ಎಂದು ಹೇಳಲು ಅಷ್ಟು ಚಿಕ್ಕ ಪರೀಕ್ಷೆ ಸಾಲದು.

ಇಂಥ ಕಡೆ ವಿಜ್ಞಾನ ಇನ್ನೊಂದು ಪರೀಕ್ಷೆ ಮಾಡುತ್ತದೆ, ಮತ್ತೊಂದು ಮಾಡುತ್ತದೆ, ವರ್ಷಗಳು ಹೋಗುತ್ತವೆ. ಸಾಯುತ್ತಿದ್ದವರಿಗೆ ಅಷ್ಟು ಪುರುಸೊತ್ತು ಇರಲಿಲ್ಲ.

ಟೊರಾಂಟೊದ ಮಳಿಗೆ

1990ರ ದಶಕದ ಕೊನೆಗೆ ದಕ್ಷಿಣ ಆಫ್ರಿಕಾದ ಪತ್ರಿಕೆಗಳಲ್ಲಿ ಆಫ್ರಿಕನ್ ಪೊಟ್ಯಾಟೊ ಪವಾಡದ ಗೆಡ್ಡೆಯಾಗಿ ಮಿಂಚತೊಡಗಿತು. ಕ್ಯಾನ್ಸರ್, ಸಂಧಿವಾತ, ಏಡ್ಸ್, ಎಲ್ಲಕ್ಕೂ ಅದೇ. ರೋಗ ನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂಬ ಮಾತು ಆಗ ಅಲ್ಲಿ ಹುಟ್ಟಿ ಬೆಳೆಯಿತು. ಆ ಮಾತಿನ ಅನುಕೂಲ ನಮಗೂ ಗೊತ್ತು. ಕೊರೊನಾ ಕಾಲದಲ್ಲಿ ಆ ಹಣೆಪಟ್ಟಿ ಹಚ್ಚಿಕೊಳ್ಳದ ಕಷಾಯದ ಬಾಟಲಿ ಯಾವ ಅಂಗಡಿಯಲ್ಲಿತ್ತು? ಸುಳ್ಳೆಂದು ತೋರಿಸುವುದು ಕಷ್ಟ, ಕೇಳಲು ಹಿತ.

ಆ ಹೊತ್ತಿಗೆ ಅಲ್ಲಿ ಎಚ್‌ಐವಿ ಕಾಡ್ಗಿಚ್ಚಾಗಿತ್ತು. ಕೆಲವೇ ವರ್ಷಗಳಲ್ಲಿ ಸೋಂಕಿತರ ಸಂಖ್ಯೆ 50 ಲಕ್ಷ ದಾಟಿತು. ಆಂಟಿರೆಟ್ರೊವೈರಲ್, ಅಂದರೆ ಎಆರ್‌ವಿ ಔಷಧಗಳಿದ್ದವು. ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್‌ಗೂ ಮೀರಿದ ಖರ್ಚು. ಅಗ್ಗದ ಔಷಧಕ್ಕೆ ದಾರಿ ಮಾಡಲು ಸರ್ಕಾರ 1997ರಲ್ಲಿ ಕಾನೂನು ತಿದ್ದಿದರೆ 39 ಔಷಧ ಕಂಪನಿಗಳು ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದವು. ಲೋಕವೆಲ್ಲ ಛೀ ಎಂದ ಮೇಲೆ, 2001ರ ಏಪ್ರಿಲ್‌ನಲ್ಲಿ ಮೊಕದ್ದಮೆ ಹಿಂದೆಗೆದುಕೊಂಡವು. ಅದೇ ವರ್ಷ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಮೂರು ಔಷಧಗಳ ಮಿಶ್ರಣವನ್ನು ದಿನಕ್ಕೆ ಒಂದು ಡಾಲರ್‌ಗೂ ಕಡಿಮೆಗೆ ಕೊಡುತ್ತೇನೆ ಎಂದು ಮುಂದೆ ಬಂದಿದ್ದರು. ಬೆಲೆಯ ಗೋಡೆ ಬಿತ್ತು. ಎದುರಿಗೆ ಇನ್ನೊಂದು ಗೋಡೆ ಎದ್ದು ನಿಂತಿತ್ತು.

ಅಧ್ಯಕ್ಷ ಥಾಬೊ ಎಂಬೆಕಿ ಅವರಿಗೆ ಏಡ್ಸ್‌ಗೆ ಎಚ್‌ಐವಿಯೇ ಕಾರಣ ಎಂಬುದರಲ್ಲೇ ಸಂಶಯ. 1999ರಿಂದ 2008ರವರೆಗೆ ಅವರ ಆರೋಗ್ಯ ಮಂತ್ರಿಯಾಗಿದ್ದವರು ಮ್ಯಾಂಟೊ ತ್ಶಬಲಾಲಾ-ಎಂಸಿಮಾಂಗ್, ಸ್ವತಃ ವೈದ್ಯೆ. ಎಆರ್‌ವಿಗಳ ಅಡ್ಡಪರಿಣಾಮಗಳನ್ನು ಮತ್ತೆ ಮತ್ತೆ ಎತ್ತಿ ಹೇಳುತ್ತ, ಬೆಳ್ಳುಳ್ಳಿ, ನಿಂಬೆ, ಬೀಟ್‌ರೂಟ್, ಆಲಿವ್ ಎಣ್ಣೆ ಮತ್ತು ಆಫ್ರಿಕನ್ ಪೊಟ್ಯಾಟೊ ಸೇವಿಸಿ ಎಂದು ಅವರು ಜನರಿಗೆ ಸಲಹೆ ಕೊಡುತ್ತಿದ್ದರು. ತಾಯಿಯಿಂದ ಮಗುವಿಗೆ ಸೋಂಕು ತಡೆಯುವ ನೆವಿರಪೀನ್ ಔಷಧವನ್ನು ಕೊಡಿಸಲು ಝಾಕಿ ಆಚ್ಮಟ್ ಮುಂದಾಳಾಗಿದ್ದ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ 2002ರಲ್ಲಿ ಸಂವಿಧಾನ ನ್ಯಾಯಾಲಯದವರೆಗೆ ಹೋಗಿ ಗೆಲ್ಲಬೇಕಾಯಿತು. ಸಾರ್ವಜನಿಕ ಆಸ್ಪತ್ರೆಗಳಲ್ಲಿ ಎಆರ್‌ವಿ ವಿತರಣೆ ಶುರುವಾದದ್ದು 2004ರಲ್ಲಿ, ಅದೂ ತೆವಳುತ್ತ.

2006ರ ಆಗಸ್ಟ್‌ನಲ್ಲಿ ಟೊರಾಂಟೊದಲ್ಲಿ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ. ದಕ್ಷಿಣ ಆಫ್ರಿಕಾ ಸರ್ಕಾರದ ಮಳಿಗೆಯ ಮೇಜಿನ ಮೇಲೆ ನಿಂಬೆ, ಬೆಳ್ಳುಳ್ಳಿ, ಬೀಟ್‌ರೂಟ್, ಜೊತೆಗೆ ಈ ಕಂದು ಗೆಡ್ಡೆ. ಜಗತ್ತಿನ ವೈದ್ಯರು, ಪತ್ರಕರ್ತರು ಬಂದು ನೋಡಿದರು. ಪ್ರತಿಭಟನಕಾರರು ಮಳಿಗೆಗೆ ಮುತ್ತಿಗೆ ಹಾಕಿದರು. ವಿಶ್ವಸಂಸ್ಥೆಯ ವಿಶೇಷ ದೂತ ಸ್ಟೀಫನ್ ಲೂಯಿಸ್ ಸಮ್ಮೇಳನದ ಕೊನೆಯ ಭಾಷಣದಲ್ಲಿ ಆ ಸರ್ಕಾರವನ್ನು ಹೆಸರೆತ್ತಿಯೇ ತರಾಟೆಗೆ ತೆಗೆದುಕೊಂಡರು. ಮರುತಿಂಗಳು 80ಕ್ಕೂ ಹೆಚ್ಚು ವಿಜ್ಞಾನಿಗಳು ಮಂತ್ರಿಯನ್ನು ತೆಗೆಯಿರಿ ಎಂದು ಎಂಬೆಕಿಗೆ ಪತ್ರ ಬರೆದರು. 2008ರ ಸೆಪ್ಟೆಂಬರ್‌ನಲ್ಲಿ ಎಂಬೆಕಿ ಅಧಿಕಾರದಿಂದ ಇಳಿದ ಮೇಲಷ್ಟೇ ಆರೋಗ್ಯ ಖಾತೆ ಬಾರ್ಬರಾ ಹೋಗನ್ ಅವರಿಗೆ ಹೋಯಿತು. ಆ ವರ್ಷ ಹಾರ್ವರ್ಡ್‌ನ ಸಂಶೋಧಕರು ಲೆಕ್ಕ ಹಾಕಿದರು: ಸಕಾಲದಲ್ಲಿ ಎಆರ್‌ವಿ ಕೊಡದೆ ಹೋದದ್ದರಿಂದ 2000ದಿಂದ 2005ರ ನಡುವೆ 3,30,000ಕ್ಕೂ ಹೆಚ್ಚು ಜೀವಗಳು ಹೋದವು.

ಆ ಸಂಖ್ಯೆಯ ಮುಂದೆ ಬೇರೆ ಮಾತು ಸಣ್ಣದಾಗುತ್ತದೆ. ಆದರೂ ಹೇಳಬೇಕು: ಮಂತ್ರಿಯವರು ಗೆಡ್ಡೆಗೂ ಅನ್ಯಾಯ ಮಾಡಿದರು. ವಸಾಹತು ಕಾಲದಿಂದ ಮಾಟ, ಮೂಢನಂಬಿಕೆ ಎಂದು ಹೀಯಾಳಿಸಿಕೊಂಡು ಬಂದ ವೈದ್ಯಪರಂಪರೆಗೆ ಮರ್ಯಾದೆ ತರಬೇಕೆಂಬ ಆಸೆಯಲ್ಲಿ ತಪ್ಪಿರಲಿಲ್ಲ. ಆದರೆ ಇನ್ಯಾಂಗಾ ಕೊಡುತ್ತಿದ್ದದ್ದು ಚೇತರಿಕೆಯ ಕಷಾಯ. ಅದನ್ನು ವೈರಸ್ಸಿನ ಔಷಧಕ್ಕೆ ಎದುರಾಳಿಯಾಗಿ ನಿಲ್ಲಿಸಿದ್ದು ಪರಂಪರೆಯಲ್ಲ, ರಾಜಕೀಯ. ಪರಿಣಾಮವಾಗಿ ಗೆಡ್ಡೆ ಕಾರ್ಟೂನಿನ ವಸ್ತುವಾಯಿತು. ಅದರ ಮೇಲೆ ಗಂಭೀರವಾಗಿ ಕೆಲಸ ಮಾಡುತ್ತಿದ್ದವರೂ ಮಂತ್ರಿಯ ಪಕ್ಷದವರಂತೆ ಕಾಣತೊಡಗಿದರು.

ಅಗೆಯುವವರು, ಅಳೆಯುವವರು

ಕೀರ್ತಿ ಬಂದಾಗ ಮೊದಲ ಏಟು ಬೀಳುವುದು ಗಿಡದ ಬುಡಕ್ಕೆ. ಎಲೆಯನ್ನೋ ಹೂವನ್ನೋ ಕಿತ್ತರೆ ಗಿಡ ಉಳಿಯುತ್ತದೆ. ಗೆಡ್ಡೆ ಬೇಕೆಂದರೆ ಗಿಡವೇ ಹೋಗಬೇಕು. ನೆಲತಾಳೆಯದ್ದೂ ಇದೇ ಪಾಡು. ಹೈಪಾಕ್ಸಿಸ್ ಹರಡಿರುವ ಸೀಮೆ ದೊಡ್ಡದಾದ್ದರಿಂದ ಅಳಿವಿನಂಚಿಗೆ ಬಂದಿಲ್ಲ. ನಗರಗಳ ಸುತ್ತಮುತ್ತ ಮಾತ್ರ ತೆಳುವಾಗಿದೆ, ಅಗೆಯುವವರು ದೂರ ದೂರ ಹೋಗಬೇಕಾಗಿದೆ. ಬಿತ್ತಿ ಬೆಳೆಯೋಣವೆಂದರೆ ಬೀಜಕ್ಕೆ ದೀರ್ಘ ನಿದ್ರೆಯ ಗುಣ, ಬಿದ್ದ ವರ್ಷ ಮೊಳೆಯುವುದು ಅಪರೂಪ. ಗೆಡ್ಡೆಯನ್ನು ಹೋಳು ಮಾಡಿ ನೆಟ್ಟರೆ ಚಿಗುರುತ್ತದೆ. ಪೀಟರ್‌ಮಾರಿಟ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ 1984ರಷ್ಟು ಹಿಂದೆಯೇ ಅಂಗಾಂಶ ಕೃಷಿಯಿಂದಲೂ ಸಸಿ ಎಬ್ಬಿಸಿದ್ದರು. ಆದರೆ ಹಲವು ಸಾಂಪ್ರದಾಯಿಕ ವೈದ್ಯರಿಗೆ ತೋಟದಲ್ಲಿ ಬೆಳೆದ ಮೂಲಿಕೆಯ ಮೇಲೆ ಭರವಸೆ ಕಡಿಮೆ. ಕಾಡಿನದಕ್ಕೇ ಕಸುವು ಎಂಬ ನಂಬಿಕೆ ನಮ್ಮ ನಾಟಿವೈದ್ಯರಲ್ಲೂ ಕೇಳಿದ್ದೇ.

ಇನ್ನು ಅಳೆಯುವವರ ಮಾತು. ಸ್ಟೆಲೆನ್‌ಬಾಶ್‌ನಲ್ಲಿ ಎಚ್‌ಐವಿ ಸೋಂಕಿತರಿಗೆ ಗೆಡ್ಡೆಯ ಮೆಥನಾಲ್ ಸಾರವನ್ನು ಕೊಟ್ಟ ಪರೀಕ್ಷೆಯೊಂದನ್ನು ಹಲವರಲ್ಲಿ ಅಸ್ಥಿಮಜ್ಜೆ ಕುಗ್ಗಿದ್ದರಿಂದ ನಡುವೆಯೇ ನಿಲ್ಲಿಸಬೇಕಾಗಿತ್ತು. ನಿರಪಾಯಕಾರಿ ಎಂಬ ಹೆಸರಿಗೆ ಅದು ಮೊದಲ ಪೆಟ್ಟು. 2005ರಲ್ಲಿ ಎಡ್ವರ್ಡ್ ಮಿಲ್ಸ್ ಮತ್ತು ಸಂಗಡಿಗರು ಎರಡನೆಯ ಪೆಟ್ಟು ಕೊಟ್ಟರು. ನಮ್ಮ ಯಕೃತ್ತಿನಲ್ಲಿ ಅನೇಕ ಔಷಧಗಳನ್ನು ಒಡೆದು ಹೊರಹಾಕುವ ಸಿಪ್3ಎ4 ಎಂಬ ಕಿಣ್ವವಿದೆ. ಎಆರ್‌ವಿಗಳಲ್ಲಿ ಹಲವು ಅದರ ಕೈಯಿಂದಲೇ ಹಾದುಹೋಗಬೇಕು. ಗೆಡ್ಡೆಯ ಸಾರ ಪ್ರಯೋಗಾಲಯದಲ್ಲಿ ಆ ಕಿಣ್ವದ ಕೆಲಸವನ್ನು ತಡೆಯಿತು. ಕಿಣ್ವ ಸ್ತಬ್ಧವಾದರೆ ರಕ್ತದಲ್ಲಿ ಔಷಧ ವಿಷವಾಗುವಷ್ಟು ಏರಬಹುದು. ದೀರ್ಘಕಾಲದಲ್ಲಿ ಉಲ್ಟಾ ಹೊಡೆದು, ಸಾಲದಷ್ಟು ಇಳಿಯಲೂಬಹುದು, ಆಗ ವೈರಸ್ ಔಷಧಕ್ಕೆ ಜಗ್ಗದಂತಾಗುತ್ತದೆ. ಮಂತ್ರಿ ಹೇಳಿದರೆಂದು ಗೆಡ್ಡೆಯನ್ನೂ, ಡಾಕ್ಟರು ಬರೆದರೆಂದು ಎಆರ್‌ವಿಯನ್ನೂ ಒಟ್ಟಿಗೆ ನುಂಗುತ್ತಿದ್ದ ಜನರ ದೇಶದಲ್ಲಿ ಇದು ಸಣ್ಣ ಸುದ್ದಿಯಲ್ಲ.

ತಟ್ಟೆಯಲ್ಲಿ ಆದದ್ದು ಮನುಷ್ಯರಲ್ಲೂ ಆಗುತ್ತದೆಯೇ? 2008ರಲ್ಲಿ ಗ್ರಹಾಮ್ಸ್‌ಟೌನ್‌ನ ರೋಡ್ಸ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಸ್ವಯಂಸೇವಕರಿಗೆ ಊರ ಕ್ರಮದಲ್ಲೇ ಮಾಡಿದ ಕಷಾಯ ಕುಡಿಸಿ, ಎಫಾವಿರೆಂಜ್ ಎಂಬ ಎಆರ್‌ವಿಯ ಮಟ್ಟವನ್ನು ರಕ್ತದಲ್ಲಿ ಅಳೆದರು. ವ್ಯತ್ಯಾಸ ಕಾಣಲಿಲ್ಲ. 2013ರಲ್ಲಿ ಜಿಂಬಾಬ್ವೆ ವಿಶ್ವವಿದ್ಯಾಲಯದ ಗ್ವಾಜಾ ಮತ್ತು ಸಂಗಡಿಗರು ಲೊಪಿನವಿರ್-ರಿಟೊನವಿರ್ ಜೋಡಿಯೊಂದಿಗೆ ಅದೇ ಕೆಲಸ ಮಾಡಿದರು. ಅಲ್ಲಿಯೂ ಅಷ್ಟೇ. ಟೀಕಾಕಾರರು ಹೆದರಿದಂಥ ಅನಾಹುತ ಇಲ್ಲ, ಈ ಎರಡು ಔಷಧಗಳ ಮಟ್ಟಿಗೆ.

ಮಟ್ಟಿಗೆ ಎಂಬುದನ್ನು ಒತ್ತಿ ಹೇಳಬೇಕು. ಇವು ಆರೋಗ್ಯವಂತರ ಮೇಲೆ, ಕಡಿಮೆ ಅವಧಿಗೆ, ಅಳತೆ ಗೊತ್ತಿದ್ದ ಕಷಾಯದಿಂದ ನಡೆದ ಪರೀಕ್ಷೆಗಳು. ಸೇತುವೆಯ ಮೇಲೆ ಕೊಂಡ ಗೆಡ್ಡೆ ಯಾವ ಜಾತಿಯದು, ಎಷ್ಟು ವರ್ಷದ್ದು, ಎಷ್ಟು ಕುದಿಸಿದ್ದು ಎಂದು ಯಾರೂ ಅಳೆಯುವುದಿಲ್ಲ. ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಗೆಡ್ಡೆಯ ಹೆಸರೆತ್ತಿದರೆ ಬೈಗುಳ ಬೀಳುತ್ತದೆ ಎಂದಿದ್ದ ಕಾಲದಲ್ಲಿ ರೋಗಿ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಷಾಯ ಮನೆಯಲ್ಲಿ ಗುಟ್ಟಾಗಿ, ಗುಳಿಗೆ ಕ್ಲಿನಿಕ್ಕಿನಲ್ಲಿ ಬಹಿರಂಗವಾಗಿ. ಈ ಎರಡು ಪರೀಕ್ಷೆಗಳಾದ ಮೇಲೆ, ಎಆರ್‌ವಿ ಚೀಟಿ ಬರೆಯುವ ನರ್ಸ್ ‘ಇಂಕೊಂಫೆ ಕುಡಿಯುತ್ತೀಯಾ, ದಿನಕ್ಕೆ ಎಷ್ಟು?’ ಎಂದು ಗದರದೆ ಕೇಳಿ, ಉತ್ತರವನ್ನು ರೋಗಿಯ ಕಡತದಲ್ಲಿ ಬರೆದಿಡಲು ಅಡ್ಡಿಯೇನಿಲ್ಲ.